ಅರಗು ಬಳಿದ ಗೇರ್ ಗುಂಡು

ಫೋನು ಬಂದಾಗ ಮುಷರಫ್ ಸಾಹೇಬರು ಲೇತಿನ ಮುಂದೆ ಕೂತು, ಗಿರ್ರನೆ ತಿರುಗುವ ಹಾಲೆ ಮರದ ತುಂಡಿಗೆ ಹಳದಿ ಅರಗಿನ ಕಡ್ಡಿ ಒತ್ತುತ್ತಿದ್ದರು. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಚನ್ನಪಟ್ಟಣದ ಗೊಂಬೆಗೆ ಬಣ್ಣ ಬರುವುದೇ ಹೀಗೆ. ಮೂವತ್ತೆರಡು ವರ್ಷದಿಂದ ಅವರು ಮಾಡಿಕೊಂಡು ಬಂದದ್ದು ಇದೊಂದೇ ಕೆಲಸ.

"ಮಾಮು, ಧನುಶ್ರೀ ಮೇಡಂ ಗಾಡಿ ಕನಕಪುರದ ತಾವ ಗುದ್ಕೊಂಬುಟ್ಟೈತೆ," ಎಂದ ಅಕ್ಕನ ಮಗ ಉಜೈರ್. "ನೀವು ಮಾಡ್ಕೊಟ್ಟ ಗೇರ್ ಗುಂಡು ಕರಗಿ ಕೈಗೆ ಅಂಟ್ಕೊಂತಂತೆ. ಬಿರ್ರನೆ ಗ್ಯಾರೇಜಿಗೆ ಬನ್ನಿ."

ಹುಡುಗಿ ಬದುಕಿದ್ದಾಳಾ ಎಂದು ಕೇಳುವಷ್ಟರಲ್ಲಿ ಫೋನು ಕಟ್ಟಾಯಿತು. ಸಾಹೇಬರು ಲೇತು ನಿಲ್ಲಿಸುವುದನ್ನೂ ಮರೆತು ಎದ್ದರು.

ರಾಮನಗರದ ಬಸ್ಸಿನಲ್ಲಿ ನಿಂತ ಸಾಹೇಬರಿಗೆ ಎಲ್ಲ ನೆನಪಾಯಿತು. ಧನುಶ್ರೀ ಬೈರಮಂಗಲದ ಹುಡುಗಿ, ಬಿಡದಿಯ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಆಸೆಪಟ್ಟು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡಿದ್ದಳು. ಕಂಪನಿಯದೇ ಪರ್ಫಾರ್ಮೆನ್ಸ್ ಪ್ಯಾಕೇಜ್ ಹಾಕಿಸಿ ಎಂದರು ಶೋರೂಮಿನವರು. ಸ್ಪ್ರಿಂಗು, ಬ್ರೇಕು, ಸೈಲೆನ್ಸರು, ಗೇರ್ ಕಡ್ಡಿಯ ತಲೆಯ ಗುಂಡು, ಎಲ್ಲ ಒಟ್ಟಿಗೆ, ವಾರಂಟಿ ಸಮೇತ. ರಾಮನಗರದಲ್ಲಿ ಗ್ಯಾರೇಜು ಇಟ್ಟುಕೊಂಡ ಉಜೈರ್ ಸುಮ್ಮನಿರಬೇಕಲ್ಲ! "ಅದ್ಯಾಕ್ ಮೇಡಂ? ಬೇಕಾದ್ದ ಮಾತ್ರ ಹೊರಗಿಂದ ತಂದು ಹಾಕಣ. ಕಂಪನಿಯವ್ರು ಎಲ್ರಿಗೂ ಒಂದೇ ಅಳತೇಲಿ ಅಂಗಿ ಹೊಲೀತಾರೆ," ಎಂದ. ಒಂದೊಂದಾಗಿ ಎಲ್ಲವೂ ಹೊರಗಿನಿಂದ ಬಂದವು. ಗುಂಡನ್ನು ಮಾತ್ರ ಮಾಮನ ಲೇತಿನಲ್ಲಿ ಕಡೆಸಿದ.

ಕೆಂಪು ಹಳದಿ ಪಟ್ಟೆಯ ಗುಂಡು. ಅಬ್ಬಬ್ಬಾ, ಅದರ ಹೊಳಪೇ! ಪಕ್ಕದಲ್ಲಿ ಕಂಪನಿಯ ಕಪ್ಪು ಗುಂಡು ಸುಟ್ಟ ಬದನೆಕಾಯಿಯಂತಿತ್ತು. ಸಾಹೇಬರು ಹಿಗ್ಗಿ ಹೀರೇಕಾಯಿಯಾದರು. "ಕಂಪನಿಯವ್ರ ಮಾಲು ಕಿತ್ತಾಕಿ ನಂದು ಹಾಕವ್ರೆ, ಗೊತ್ತಾ?" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದದ್ದು ಹದಿನೈದು ದಿನದ ಹಿಂದಷ್ಟೇ.

ಗ್ಯಾರೇಜಿನಲ್ಲಿ ಕಾರಿನ ಮೂತಿ ಒಳಕ್ಕೆ ಹೋಗಿತ್ತು. ಸ್ಟೂಲಿನ ಮೇಲೆ ಧನುಶ್ರೀ ಕೂತಿದ್ದಳು, ಎಡಗೈಗೆ ಬ್ಯಾಂಡೇಜು. ಅವಳನ್ನು ನೋಡಿದ್ದೇ ಸಾಹೇಬರು ಹಳೇ ಟೈರಿನ ಮೇಲೆ ಕುಸಿದು ಕೂತರು.

"ಬಿಸಿಲಲ್ಲಿ ಗಾಡಿ ಮೂರು ಗಂಟೆ ನಿಂತಿತ್ತು ಸಾಬ್ರೇ," ಎಂದಳು ಅವಳು. "ಗೇರ್ ಹಿಡಿದಾಗ ಒಸಿ ಜಿಗುಟು ಅನ್ನಿಸ್ತು, ಅವಸರದಲ್ಲಿ ಹಂಗೇ ಹೊರಟೆ. ರೋಡಿಗೆ ಬಂದು ಗೇರ್ ಬದಲಾಯಿಸಿದ್ರೆ ಕೈ ಬಿಡಿಸ್ಕೊಳ್ಳೋಕೆ ಆಗ್ತಿಲ್ಲ. ಬಗ್ಗಿ ನೋಡ್ದೆ. ತಲೆ ಎತ್ತಿದ್ರೆ ಎದುರಿಗೆ ಹಾರೋಹಳ್ಳಿ ಬಸ್ಸು. ಪಕ್ಕಕ್ಕೆ ಎಳೆದೆ, ಮೈಲಿಗಲ್ಲಿಗೆ ಹೊಡೀತು."

ಸಾಹೇಬರು ಹಣೆ ಚಚ್ಚಿಕೊಂಡರು. ಅರಗು ಬಿಸಿಗೆ ಕರಗುತ್ತದೆಂದು ಅವರಿಗೆ ಯಾರಾದರೂ ಹೇಳಿಕೊಡಬೇಕೆ? ದಿನಾ ಮಧ್ಯಾಹ್ನ ಹೆಂಡತಿ ಅಮೀರುನ್ನೀಸಾ ಅಂಗಡಿ ಮುಂದಿನ ಗೊಂಬೆಗಳನ್ನು ನೆರಳಿಗೆ ಎತ್ತಿಡುತ್ತಾಳೆ. ಒಂದು ದಿನ ತಡವಾದರೂ ರೇಗುವವರು ಇವರೇ. ಆದರೆ ಗಾಜು ಏರಿಸಿದ ಕಾರು ಬಿಸಿಲಿಗೆ ಒಲೆಯಾಗುತ್ತದೆಂದು ಈ ಮಂಡೆಗೆ ಹೊಳೆಯಲೇ ಇಲ್ಲ. ಆ ಕಪ್ಪು ಬದನೆಕಾಯಿಯನ್ನು ಕಂಪನಿಯಲ್ಲಿ ಯಾರೋ ಬೇಯಿಸಿ ನೋಡಿಯೇ ಕಳಿಸಿದ್ದರು.

"ನೀವೊಬ್ರೇ ಅಲ್ಲ ಬುಡಿ. ಫ್ಯಾಕ್ಟರೀಲಿ ಸಾಮಾನು ಬಿಸಿ ಮಾಡಿ ಟೆಸ್ಟ್ ಮಾಡೋದೇ ನನ್ನ ಕೆಲಸ. ನಂಗೂ ಹೊಳೀಲಿಲ್ವಲ್ಲ," ಎಂದಳು ಧನುಶ್ರೀ. ಆಮೇಲೆ ದನಿ ತಗ್ಗಿಸಿ, "ಕಾರಿನವರ ವಾಟ್ಸಾಪ್ ಗ್ರೂಪಲ್ಲಿ ನಾನೇ ಸ್ಪೀಡಾಗಿ ಹೋಗಿ ಗುದ್ದಿದೆ ಅಂತ ಹಾಕಿದ್ದೀನಿ. ನಿಮ್ಮ ಹೆಸರು ಕೆಡೋದು ಬ್ಯಾಡ. ಇಪ್ಪತ್ತು ಜನ ನಿಮ್ಮ ಗುಂಡು ಬೇಕು ಅಂತವ್ರೆ," ಎಂದಳು.

ಸಾಹೇಬರು ದಂಗಾಗಿ ಅವಳನ್ನೇ ನೋಡಿದರು. ಫೋನು ಬಂದಾಗಲೂ ಅವರು ಇಷ್ಟು ಬೆಚ್ಚಿರಲಿಲ್ಲ.

"ಯಾ ಅಲ್ಲಾ! ಇನ್ನೂ ಇಪ್ಪತ್ತು ಕೈಯಾ?"

ಎದ್ದು ನಿಂತರು. "ಉಜೈರ್, ಮೊಬೈಲ್ ಹಿಡಿ. ವಿಡಿಯೋ ಮಾಡು."

"ಬ್ಯಾಡ ಮಾಮು. ಬೀದೀಲಿ ತಲೆ ಎತ್ಕೊಂಡು ಓಡಾಡೋಕೆ ಆಗಲ್ಲ."

"ಹಿಡಿಯೋ ಅಂದ್ರೆ!"

ಕರಗಿದ ಗುಂಡನ್ನು ಕೈಯಲ್ಲಿ ಹಿಡಿದು ಹೇಳಿದರು: "ನಾನು ಚನ್ನಪಟ್ಟಣದ ಮುಷರಫ್. ಇದನ್ನ ಮಾಡಿದೋನು ನಾನೇ. ಮೇಡಂ ಸ್ಪೀಡಾಗಿ ಹೋಗಿಲ್ಲ, ತಪ್ಪು ನಂದು. ಬಿಸಿಲಿಗೆ ಅರಗು ಕರಗ್ತದೆ. ಯಾರೂ ಇದನ್ನ ಹಾಕಿಸ್ಕೋಬೇಡಿ. ಕಂಪನಿಯದೇ ಇರ್ಲಿ."

ಧನುಶ್ರೀ ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡಳು. ಗ್ರೂಪಿಗೆ ಹೋದ ವಿಡಿಯೋ ಸಂಜೆಯೊಳಗೆ ಬೀದಿಗೂ ಬಂತು. ನಕ್ಕವರು ನಕ್ಕರು.

ಆ ಗುಂಡು ಈಗ ಸಾಹೇಬರ ಅಂಗಡಿಯಲ್ಲಿ, ಎಲ್ಲಕ್ಕಿಂತ ಮುಂದೆ, ನೆರಳಿನಲ್ಲಿದೆ. ಅರಗಿನಲ್ಲಿ ನಾಲ್ಕು ಬೆರಳಿನ ಗುರುತು ಹಾಗೇ ಗಟ್ಟಿಯಾಗಿ ನಿಂತಿದೆ. ಯಾರಾದರೂ ಬಂದು ಗೇರ್ ಗುಂಡು ಕೇಳಿದರೆ ಸಾಹೇಬರು ಅದನ್ನು ಎತ್ತಿ ಅವರ ಕೈಗೆ ಕೊಟ್ಟು, "ನಿಮ್ಮ ಬೆರಳು ಇಲ್ಲಿಟ್ಟು ನೋಡಿ," ಎನ್ನುತ್ತಾರೆ.