ಒಂದೇ ಅಕ್ಷರದ ಎರಡು ಚೀಟಿ

ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ನಾನು ಕೈಮಡಿಯಾಗಿದ್ದೆ. ಕೈಮಡಿ ಎಂದರೆ ಟೈಲರ್ ಪಕ್ಕ ನೆಲದ ಮೇಲೆ ಕೂತು, ಹೊಲಿದ ಪೀಸು ಎಳೆದುಕೊಂಡು ನೂಲಿನ ತುದಿ ಕತ್ತರಿಸುವವಳು. ಎಂಬತ್ತರ ದಶಕದ ಮಾತು. ಹತ್ತಿಯ ಧೂಳು ಕುಡಿದು ಕುಡಿದು ನನಗೆ ಕೆಮ್ಮು ಹಿಡಿಯಿತು. ಮೊದಲು ಆ ಧೂಳಿನಿಂದ ಏಳು, ಆಮೇಲೆ ನನ್ನ ಹತ್ತಿರ ಬಾ ಎಂದರು ಡಾಕ್ಟರು. ಕೆಲಸ ಬಿಡುವ ಹಾಗಿರಲಿಲ್ಲ. ಮನೆಯಲ್ಲಿ ನೇಯುವ ಗಂಡ ಇದ್ದರು, ನೇಯಲು ಮಗ್ಗ ಇರಲಿಲ್ಲ.

ಧೂಳಿಲ್ಲದ ಜಾಗ ಎಂದರೆ ಮಹಡಿಯ ಚೆಕಿಂಗ್ ಮೇಜು. ಪೀಸು ಹೊರದೇಶಕ್ಕೆ ಹೋಗಲು ಶುರುವಾಗಿತ್ತು, ಹಾಗಾಗಿ ಆ ಮೇಜಿಗೆ ಇಂಗ್ಲಿಷ್ ಬರುವವರೇ ಬೇಕು ಎಂದ ಮ್ಯಾನೇಜರ್. ಊರಿನ ಕಾಲೇಜಿನಲ್ಲಿ ಸಂಜೆ ಕೂಲಿ ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಹೋಗಿ ಸೇರಿದೆ.

ಅತ್ತೆಗೆ ಸಿಟ್ಟು. "ದೊರೆಸಾನಿ ಕಾಲೇಜಿಗೋದ್ರೆ ಸಾರು ಯಾರ್ ಕಾಯ್ಸೋದು?"

"ನಿಮ್ ಮಗನ್ಗೂ ಎರಡು ಕೈ ಐತಲ್ಲ ಅತ್ತೆ," ಎಂದು ಹೊರಟೆ.

ಹೇಳಿಕೊಡುತ್ತಿದ್ದವಳು ಅಲ್ಲೇ ಓದುವ ಹುಡುಗಿ. ಒಂದು ದಿನ ಚೆಂಡು ಎತ್ತಿ ತೋರಿಸಿದಳು. ಸಾಲಿಗೆ ಸಾಲೇ 'ಪಾಲ್' ಎಂದಿತು. ತಮಿಳಿನಲ್ಲಿ ಅದು ಹಾಲು. ನಮ್ಮ ಮನೆ ಮಾತು ಕನ್ನಡ, ನಾನು 'ಬಾಲ್' ಎಂದೆ. ಅಕ್ಕನ ಬಾಯಿ ಸರಿಯಾಗಿದೆ ಎಂದಳು ಹುಡುಗಿ. ನಿಮ್ಮ ಮನೆ ಮಾತಿನಲ್ಲಿ ಬಾಲ ಎಂದರೇನು ಎಂದು ಪಕ್ಕದವಳು ಕೇಳಿದಳು. ದನದ ಹಿಂದೆ ಇರುತ್ತದಲ್ಲ, ಅದು ಎಂದೆ. ಹಾಗಾದರೆ ನೀನೇ ಇಟ್ಟುಕೋ ಎಂದಳು.

ಇಂಗ್ಲಿಷ್ ನನ್ನ ಬಾಯಿಗೆ ಬಂತು, ಕೈಗೆ ಬರಲಿಲ್ಲ. ನಾನು ಓದಿದ್ದು ತಮಿಳು ಶಾಲೆಯಲ್ಲಿ, ಅದೂ ಎರಡನೇ ಕ್ಲಾಸು. ಈ ಕನ್ನಡ ಅಕ್ಷರ ಕಲಿತದ್ದು ಮುದುಕಿಯಾದ ಮೇಲೆ. ಆಗ ಕೇಳಿದ ಇಂಗ್ಲಿಷನ್ನೆಲ್ಲ ತಮಿಳು ಅಕ್ಷರದಲ್ಲೇ ಗೀಚಿಕೊಳ್ಳುತ್ತಿದ್ದೆ. ತಮಿಳಿನಲ್ಲಿ ಪ-ಕ್ಕೂ ಬ-ಕ್ಕೂ ಒಂದೇ ಅಕ್ಷರ.

ಮ್ಯಾನೇಜರ್ ಇಂಗ್ಲಿಷನ್ನು ಬಾಯಲ್ಲೇ ಕೇಳಿದ, ನಾನು ಬಾಯಲ್ಲೇ ಹೇಳಿದೆ. ನೋಡೋಣ ಎಂದು ಮೇಜಿಗೆ ಹಾಕಿದ. ಕೆಮ್ಮು ಇಳಿಯಿತು, ಅನ್ನ ಸೇರಿತು. ಅಲ್ಲಿ ಎರಡು ರಾಶಿ. ಒಳ್ಳೆಯ ಪೀಸು 'ಪ್ಯಾಕ್', ಪೆಟ್ಟಿಗೆಗೆ. ಕೆಟ್ಟದ್ದು 'ಬ್ಯಾಕ್', ತಿರುಗಿ ಟೈಲರಿಗೆ. ಸಂಜೆ ಒಂದೊಂದು ರಾಶಿಯ ಮೇಲೆ ಒಂದೊಂದು ಚೀಟಿ ಇಡಬೇಕು. ಬರೆಯುತ್ತಿದ್ದವಳು ಮದುವೆಗೆಂದು ಉಡುಮಲೈಪೇಟೆಗೆ ಹೋದಳು. ಅವತ್ತು ನಾನೇ ಬರೆದೆ, ನನಗೆ ಬರುವ ತಮಿಳು ಅಕ್ಷರದಲ್ಲಿ. ಬರೆಯುವಾಗ ಬಾಯಲ್ಲಿ ಎರಡು ಮಾತು ಬೇರೆ ಬೇರೆಯಾಗಿಯೇ ಇದ್ದವು, ಕಾಗದದಲ್ಲಿ ಎರಡೂ ಒಂದೇ ಆದದ್ದು ನನಗೆ ಕಾಣಲಿಲ್ಲ. ಬೆಳಿಗ್ಗೆ ಪ್ಯಾಕಿಂಗ್ ಹೆಂಗಸರು ಎರಡೂ ರಾಶಿಯನ್ನು ಪೆಟ್ಟಿಗೆಗೆ ತುಂಬಿದರು. ಸರಕು ಕೊಳ್ಳುವವರ ಕಡೆಯವನು ಬಂದು ಒಂದು ಪೆಟ್ಟಿಗೆ ಬಿಚ್ಚಿಸಿದ. ಮೇಲೇ ಇತ್ತು, ಕಂಕುಳಲ್ಲಿ ತೂತು ಬಿದ್ದ ಪೀಸು.

ಮ್ಯಾನೇಜರ್ ನನ್ನನ್ನು ಕರೆಸಿ ಚೀಟಿ ಮುಂದಿಟ್ಟ. ಇದು ಪ್ಯಾಕ್, ಅದು ಬ್ಯಾಕ್ ಎಂದೆ. ಅವನು ಎರಡನ್ನೂ ಎತ್ತಿಕೊಂಡು ಬೆನ್ನ ಹಿಂದೆ ಅದಲುಬದಲು ಮಾಡಿ ಮತ್ತೆ ಹಿಡಿದ.

"ಈಗ ಓದಮ್ಮ."

ನೋಡಿದೆ. ಎರಡೂ ಒಂದೇ.

"ಅಕ್ಷರ ಒಂದೇ ಸಾರ್. ನನ್ ಬಾಯಲ್ಲಿ ಬೇರೆ ಬೇರೆ."

"ನಿನ್ ಬಾಯಿ ಪೆಟ್ಟಿಗೆ ಮೇಲೆ ಅಂಟ್ಸಕ್ಕಾಗುತ್ತಾ?"

ಸುತ್ತಲಿದ್ದವರು ನಕ್ಕರು. ಅವನು ನಗಲಿಲ್ಲ. ಕೆಳಗೆ ಹೋಗು ಎಂದ.

ಆ ಸಂಜೆಯೂ ಕಾಲೇಜಿಗೆ ಹೋದೆ. ಹುಡುಗಿ ನಿನ್ನೆ, ನಾಳೆ ಎಂದು ಏನೋ ಪಾಠ ನಡೆಸುತ್ತಿದ್ದಳು. ಅದೆಲ್ಲ ಬೇಡ, ಆ ಎರಡು ಅಕ್ಷರ ಹೇಳಿಕೊಡು ಎಂದೆ. ಒಂದು ಹೊಟ್ಟೆ ಇದ್ದರೆ ಪಿ, ಎರಡಿದ್ದರೆ ಬಿ ಎಂದಳು. ಅಷ್ಟೇ. ಇಷ್ಟು ದಿನ ಇದನ್ನು ಯಾಕೆ ಹೀಗೆ ಹೇಳಲಿಲ್ಲ ಎಂದು ಬೈದೆ. ಅವಳ ಕಣ್ಣಲ್ಲಿ ನೀರು ಬಂತು. ಬರಲಿ ಎಂದುಕೊಂಡೆ.

ಮರುದಿನ ಮಹಡಿ ಹತ್ತಿ ಮ್ಯಾನೇಜರ್ ಎದುರಿಗೇ ಎರಡನ್ನೂ ಬರೆದು ತೋರಿಸಿದೆ. ನೋಡಿದ, ಸರಿಯಾಗಿದೆ ಎಂದ. ನನ್ನ ಜಾಗದಲ್ಲಿ ಅವಿನಾಶಿ ಊರಿನ ಕಡೆಯ ಹುಡುಗಿಯೊಬ್ಬಳು ಆಗಲೇ ನಿಂತಿದ್ದಳು, ಹತ್ತನೇ ಕ್ಲಾಸು ಓದಿದವಳು. ಟೈಲರ್ ಕಾಯುತ್ತಿದ್ದಾನೆ ಹೋಗು ಎಂದ ಮ್ಯಾನೇಜರ್.

ಇಳಿದು ಬಂದೆ. ನಾನಿಲ್ಲದ ಹೊತ್ತಿಗೆ ಟೈಲರ್ ಮೊಣಕಾಲೆತ್ತರ ಪೀಸು ಒಟ್ಟಿದ್ದ. ಬಾಯಿಗೆ ಸೆರಗು ಕಟ್ಟಿಕೊಂಡು ಕೂತೆ.