ಹಬೆಮನೆಯ ಬಾಗಿಲಿಗೆ ಬಿದ್ದ ಹಿಮ

ಆರ್ವೋ ಕಂಗಸ್ ಮಾತಿನಲ್ಲಿ ಮಹಾ ಜಿಪುಣ, ಹಿಮ ತೆಗೆಯುವುದರಲ್ಲಿ ಮಾತ್ರ ಧಾರಾಳಿ. ಕೌಂಟಿಯ ರಸ್ತೆಗಳ ಹಿಮ ತಳ್ಳುವ ದೊಡ್ಡ ಲಾರಿಯನ್ನು ಜೀವಮಾನವಿಡೀ ಓಡಿಸಿ ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾರದೆ ಒಂದು ಪುಟ್ಟ ಟ್ರ್ಯಾಕ್ಟರ್ ಕೊಂಡ. ಅದರ ಮುಂದೆ ಹಿಮವನ್ನು ಕಡೆದು, ಮೇಲಿನ ಕೊಳವೆಯಿಂದ ದೂರಕ್ಕೆ ಉಗುಳುವ ಯಂತ್ರ. ಸುಪೀರಿಯರ್ ಸರೋವರದ ಕಡೆಯಿಂದ ಹಿಮ ಸುರಿಯತೊಡಗಿತೋ, ಆರ್ವೋ ತನ್ನ ಮನೆಯ ದಾರಿ ಬಿಡಿಸಿಕೊಂಡು ನೇರ ಸೈಮಿಯ ಮನೆಗೆ ಹೋಗುತ್ತಿದ್ದ. ಯಾರೂ ಹೇಳಿರಲಿಲ್ಲ. ಆ ಸೀಮೆಯಲ್ಲಿ ಹೇಳಿಸಿಕೊಂಡು ಮಾಡುವವನನ್ನು ಜನ ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ.

ಸೈಮಿ ಎಂಬತ್ತು ದಾಟಿದ ವಿಧವೆ. ರಸ್ತೆಯಿಂದ ಅವಳ ಮನೆಗೆ ಉದ್ದನೆಯ ದಾರಿ. ನಡುವಿನ ತಿರುವಿನಲ್ಲಿ, ಗಂಡ ವಿಲ್ಹೋ ತನ್ನ ಕೈಯಾರೆ ಕಟ್ಟಿದ ಹಬೆಸ್ನಾನದ ಮನೆ. ಚಳಿಗೆ ನೆಲ ಹೆಪ್ಪುಗಟ್ಟುವ ಮೊದಲೇ ಆರ್ವೋ, ಹಿಮದಡಿಯ ದಾರಿಯ ಗುರುತಿಗೆಂದು, ಎರಡೂ ಅಂಚಿಗೆ ಗೂಟ ನೆಡುತ್ತಿದ್ದ. ಗೂಟದಿಂದ ಗೂಟಕ್ಕೆ ಅವನು ತೆಗೆದ ಅಂಚು ಚಾಕುವಿನಲ್ಲಿ ಕೊಯ್ದ ಹಾಗಿರುತ್ತಿತ್ತು. ಅದರ ಮೇಲೆ ಅವನಿಗೆ ಒಳಗೊಳಗೇ ಜಂಬ. ಕೆಲಸ ಮುಗಿದ ಮೇಲೆ ಸೈಮಿಯ ಅಡುಗೆಮನೆಯಲ್ಲಿ ಕಾಫಿ, ಏಲಕ್ಕಿ ಬ್ರೆಡ್ಡು. ಅದೇ ಕೂಲಿ, ಅದೇ ಶಿಕ್ಷೆ. ಯಾಕೆಂದರೆ ಕಾಫಿಯ ಜೊತೆ ವಿಲ್ಹೋ ಬರುತ್ತಿದ್ದ: ವಿಲ್ಹೋನ ಮೊಣಕಾಲು, ವಿಲ್ಹೋನ ದೋಣಿ, ವಿಲ್ಹೋ ಕೊನೆಗೆ ಹಿಡಿದ ಮೀನು. ಆ ಮೀನು ವರ್ಷವರ್ಷವೂ ಬೆಳೆಯುತ್ತಿತ್ತು.

ಆ ಶನಿವಾರ ಮಧ್ಯಾಹ್ನ ಟೀವಿಯಲ್ಲಿ ಹಾಕಿ ಆಟವಿತ್ತು. ಆರ್ವೋಗೆ ಬೇಗ ಮುಗಿಸಬೇಕಿತ್ತು. ತಿರುವಿನಲ್ಲಿ ಹಿಮವನ್ನು ಯಾವಾಗಲೂ ಸರೋವರದ ಕಡೆಗೇ ಎಸೆಯಬೇಕು, ಹಬೆಮನೆಯ ಕಡೆಗಲ್ಲ. ಒಳಗೆ ಸೆಕೆಗೆ ತಲೆ ತಿರುಗಿದವರು ತಳ್ಳಿಕೊಂಡು ಹೊರಬೀಳಲೆಂದು ಹಬೆಮನೆಯ ಬಾಗಿಲು ಹೊರಕ್ಕೇ ತೆರೆಯುತ್ತದೆ, ಅದರ ಮುಂದೆ ಏನೂ ಇರಕೂಡದು. ಅಲ್ಲಿ ಹುಟ್ಟಿದ ಮಗುವಿಗೂ ಇದು ಗೊತ್ತು. ಆದರೆ ಅಂದು ಸರೋವರದ ಗಾಳಿ ಎಸೆದ ಹಿಮವನ್ನೆಲ್ಲ ತಿರುಗಿ ಅವನ ಮುಖಕ್ಕೇ ರಾಚಿತು. ಕನ್ನಡಕ ಮುಚ್ಚಿಹೋಯಿತು. ಬೈದುಕೊಂಡು ಕೊಳವೆಯನ್ನು ಈಚೆಗೆ, ಹಬೆಮನೆಯ ಕಡೆಗೆ ತಿರುಗಿಸಿದ.

ತಿರುಗಿಸುವಾಗ ತಲೆ ಎತ್ತಿದವನಿಗೆ ಹಬೆಮನೆಯ ಹೊಗೆ ಕಂಡಿತು. ಕಂಡಿದ್ದು ಸುಳ್ಳಲ್ಲ. ಇಳಿದು ನೋಡಿದರೆ ಕಾಫಿ, ಕಾಫಿಯಾದರೆ ವಿಲ್ಹೋ, ವಿಲ್ಹೋ ಆದರೆ ಆಟ ಹೋಯಿತು ಎಂದುಕೊಂಡ. ಸಂಜೆಯ ಸ್ನಾನಕ್ಕೆ ಈಗಲೇ ಒಲೆ ಹಚ್ಚಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಕಿವಿಮುಚ್ಚುಗವನ್ನು ಬಿಗಿಯಾಗಿ ಎಳೆದುಕೊಂಡು ಮುಂದೆ ಹೋದ.

ಆಟ ಮುಗಿಯುವ ಹೊತ್ತಿಗೆ ಹೆಂಡತಿ ಲೆಂಪಿ ಫೋನ್ ಹಿಡಿದು ಬಂದಳು.

"ಸೈಮಿ ಫೋನ್ ಎತ್ತುತ್ತಿಲ್ಲ. ಹೋದಾಗ ಮಾತಾಡಿಸಿದ್ಯಾ?"

"ಹೂಂ... ಇಲ್ಲ."

"ಹೂಂ ಅಂದ್ರೆ ಯಾವೂರಲ್ಲಿ ಇಲ್ಲ ಅಂತ? ಏಳು ಮೇಲೆ!"

ಅವನು ಸಲಿಕೆ ಹಿಡಿದು ಸೈಮಿಯ ಮನೆಗೆ ಧಾವಿಸಿದ. ಹಬೆಮನೆಯ ಬಾಗಿಲು ಅರ್ಧಕ್ಕೂ ಮೇಲೆ ಹೂತುಹೋಗಿತ್ತು. ಯಂತ್ರ ಎಸೆದ ಹಿಮ ಬಿದ್ದಲ್ಲೇ ಗಾರೆಯಂತೆ ಗಟ್ಟಿಯಾಗುತ್ತದೆ. ಅವನು ಸಲಿಕೆಯಲ್ಲಿ ಕಡಿದ, ಕೈಯಲ್ಲಿ ಬಗೆದ. ಒಳಗೆ ಒಲೆ ಆರಿತ್ತು. ಸೈಮಿ ಬೆಂಚಿನ ಮೇಲೆ, ಇದ್ದ ಟವೆಲ್ಲುಗಳನ್ನೆಲ್ಲ ಸುತ್ತಿಕೊಂಡು ಮೇಲೆ ವಿಲ್ಹೋನ ಹಳೆಯ ಕೋಟು ಹೊದ್ದು ಗಡಗಡ ನಡುಗುತ್ತಿದ್ದಳು. ತುಟಿ ನೀಲಿಗಟ್ಟಿತ್ತು.

"ಬಂದ್ಯೇನಪ್ಪಾ," ಎಂದಳು. "ಮಾಡಿನ ಹಿಮ ಜಾರಿ ಬಿತ್ತು ಅನ್ಸುತ್ತೆ."

ಆರ್ವೋ ಬಾಯಿ ತೆರೆದ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಹೂಂ, ಮಾಡಿಂದೇ ಇರ್ಬೇಕು," ಎಂದುಬಿಟ್ಟ.

ಮರುದಿನ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಯ ಹೊತ್ತಿಗೆ ಅವನೇ ಶೂರ. ಆರ್ವೋ ಬರದಿದ್ದರೆ ತನ್ನ ಹೆಣ ಸಿಗುತ್ತಿತ್ತು ಎಂದು ಸೈಮಿಯೇ ಎಲ್ಲರಿಗೂ ಹೇಳಿದಳು. ಬಡಗಿ ಸುಲೋ ಬಂದು ಬೆನ್ನಿಗೆ ಗುದ್ದಿದ.

"ಲೇ ಆರ್ವೋ, ಪದಕ ನೀನು ಹಾಕ್ಕೋತೀಯೋ, ಟ್ರ್ಯಾಕ್ಟರ್‌ಗೆ ಕಟ್ತೀಯೋ?"

ಎಲ್ಲರೂ ನಕ್ಕರು. ಆರ್ವೋ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗಿಟ್ಟು ತಲೆ ತಗ್ಗಿಸಿದ. ನಾಚಿಕೆ ಎಂದು ತಿಳಿದು ಜನ ಇನ್ನಷ್ಟು ಮೆಚ್ಚಿದರು. ನಾಚಿಕೆಯೇ ಹೌದು, ಅವರು ತಿಳಿದದ್ದಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ಲೆಂಪಿ ಕಿಟಕಿಯಾಚೆ ನೋಡುತ್ತಲೇ ಕೇಳಿದಳು: "ಆ ಹಬೆಮನೆ ಮಾಡು ಇಳಿಯೋದು ಎಡಕ್ಕೂ ಬಲಕ್ಕೂ. ಬಾಗಿಲಿರೋದು ಮುಂದುಗಡೆ. ಮಾಡಿನ ಹಿಮ ಬಾಗಿಲಿಗೆ ಹೇಗೆ ಬಿತ್ತು?"

ಅವನು ಕಾರಿನ ವೇಗ ಹೆಚ್ಚಿಸಿದ. ಅವಳು ಮತ್ತೆ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅಷ್ಟು ವರ್ಷ ಆ ಹಬೆಮನೆಯಲ್ಲಿ ಮಿಂದ ಸೈಮಿಗೆ ಮಾಡು ಯಾವ ಕಡೆ ಇಳಿಯುತ್ತದೆಂದು ತಿಳಿಯದೇ? ವಾರವಿಡೀ ಆ ಪ್ರಶ್ನೆ ಅವನನ್ನು ಕೊರೆಯಿತು.

ಮುಂದಿನ ಶನಿವಾರ ಮತ್ತೆ ಹಿಮ, ಮತ್ತೆ ಅದೇ ಗಾಳಿ. ಅವನು ತಿರುವಿಗೆ ಬಂದಾಗ ಸೈಮಿ ದಾರಿಯಂಚಿನ ಗೂಟಕ್ಕೆ ಕೆಂಪು ಶಾಲು ಕಟ್ಟುತ್ತಿದ್ದಳು. ಆರ್ವೋ ಎಂಜಿನ್ ಆರಿಸಿ ಇಳಿದ.

"ಇದು ಕಟ್ಟಿದ್ರೆ ನಾನು ಹಬೆಮನೆ ಒಳಗಿದ್ದೀನಿ ಅಂತ ಅರ್ಥ," ಎಂದಳು. "ಈ ಕಡೆ ಎಸೀಬೇಡ, ಅಷ್ಟೇ. ಇಳಿದು ನೋಡೋದೂ ಬೇಡ, ಮಾತಾಡ್ಸೋದೂ ಬೇಡ."

"ಸೈಮಿ, ಅವತ್ತು... ನಂಗೆ ಹೊಗೆ ಕಂಡಿತ್ತು."

"ಗೊತ್ತು ಕಣೋ. ಹಬೆಮನೆಯ ಆ ಪುಟ್ಟ ಕಿಟಕಿ ಹತ್ರಾನೇ ಇದ್ದೆ. ನೀನು ತಲೆ ಎತ್ತಿದ್ಯಲ್ಲ, ಕಾಫಿಗೆ ಇರು ಅಂತ ಕೈ ಬೀಸಿದೆ. ನೀನು ಕಿವಿ ಮುಚ್ಕೊಂಡೆ." ಗಂಟನ್ನು ಇನ್ನೊಮ್ಮೆ ಬಿಗಿದಳು. ದನಿಯಲ್ಲಿ ಕೋಪವಿರಲಿಲ್ಲ. "ಅಷ್ಟೊಂದು ತಲೆ ತಿಂತೀನಾ ನಾನು?"

ಆರ್ವೋ ಕುತ್ತಿಗೆಗಿದ್ದ ಕಿವಿಮುಚ್ಚುಗವನ್ನು ತೆಗೆದು ಟ್ರ್ಯಾಕ್ಟರ್ ಸೀಟಿನ ಮೇಲಿಟ್ಟ.

"ಬ್ರೆಡ್ಡು ರಸ್ತೆ ಹತ್ರ ಅಂಚೆಪೆಟ್ಟಿಗೇಲಿ ಇಟ್ಟಿದ್ದೀನಿ. ಹೋಗ್ತಾ ತಗೊಂಡ್ಹೋಗು," ಎಂದು ಸೈಮಿ ನಿಧಾನವಾಗಿ ಹಬೆಮನೆಯ ಕಡೆ ನಡೆದಳು. "ಇವತ್ತೂ ಆಟ ಇರ್ಬೇಕಲ್ವಾ?"

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವವರೆಗೂ ಆರ್ವೋ ನಿಂತೇ ಇದ್ದ. ಆಮೇಲೆ ಕೊಳವೆಯನ್ನು ಸರೋವರದ ಕಡೆಗೆ ತಿರುಗಿಸಿ ಎಂಜಿನ್ ಹಚ್ಚಿದ. ಎಸೆದ ಹಿಮವೆಲ್ಲ ತಿರುಗಿ ಅವನ ಮುಖಕ್ಕೇ ಬಂತು. ಅವನು ಒರೆಸಿಕೊಳ್ಳಲಿಲ್ಲ.