ಅಣ್ಣನಿಗೆ ನಾನು ಕೊಟ್ಟ ವಯಸ್ಸು

ವೈನಿ, ಗೋಡೆಯ ಮೇಲಿನ ಆ ಚೌಕಟ್ಟಿನಲ್ಲಿ ನಿಮಗೆ ಕಾಣುತ್ತಿದ್ದ ಹೊಸ ಫೋಟೋಗಳನ್ನು ಅಣ್ಣ ಕಳಿಸುತ್ತಿರಲಿಲ್ಲ — ನಾನು ಹಾಕುತ್ತಿದ್ದೆ. ಮೊದಲನೆಯದರಿಂದ ಹೋದ ತಿಂಗಳಿನದರವರೆಗೆ, ಎಲ್ಲವನ್ನೂ ನಾನೇ. ಎದುರು ನಿಂತರೆ ನನಗೆ ನಾಲಗೆ ಏಳುವುದಿಲ್ಲ, ಅದು ನಿಮಗೂ ಗೊತ್ತು. ಅದಕ್ಕೇ ಯರಗಟ್ಟಿಯ ನನ್ನ ಈ ಮೊಬೈಲ್ ರಿಪೇರಿ ಅಂಗಡಿಯ ಬಾಗಿಲು ಅರ್ಧ ಎಳೆದು, ಮೊದಲು ಬರೆದು ಗಟ್ಟಿಮಾಡಿಕೊಳ್ಳುತ್ತಿದ್ದೇನೆ.

ಆ ಚೌಕಟ್ಟನ್ನು ಕಟ್ಟಿದ್ದು ಒಳ್ಳೆಯ ಮನಸ್ಸಿನಿಂದಲೇ — ಇಷ್ಟನ್ನಾದರೂ ನಂಬಿ. ಅಣ್ಣ ಟೆಂಪೋದಲ್ಲಿ ಊರ ಮಂದಿಯ ಹತ್ತಿ, ಉಳ್ಳಾಗಡ್ಡಿ ಹೇರಿಕೊಂಡು ಹೋದರೆ ದಿನಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಗಂಡನ ಮುಖ ಕಾಣದೆ ‘ನಿಮ್ಮಣ್ಣನ ಮಾರೀನ ಮರತ ಹೋಗೇತಿ ನೋಡು’ ಎಂದು ನೀವು ನಗುತ್ತಿದ್ದಿರಿ. ಕೆಟ್ಟ ಲ್ಯಾಪ್‌ಟಾಪಿನ ಪರದೆ, ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು, ಹಳೆಯ ಕಿಟಕಿಯ ಸಾಗವಾನಿ ಪಟ್ಟಿ — ಅಷ್ಟೇ ಸಾಮಾನು. ಅಣ್ಣ ದಾರಿಯಿಂದ ಫೋನಿನಲ್ಲಿ ಫೋಟೋ ಕಳಿಸಿದರೆ ಇಲ್ಲಿ ತಾನಾಗಿ ಮೂಡುತ್ತಿತ್ತು. ಯಾರಾದರೂ ಎದುರು ಬಂದಾಗ ಮಾತ್ರ ಪರದೆ ಬೆಳಗಲಿ ಎಂದು ಒಂದು ಸೆನ್ಸರ್ ಕೂಡಿಸಿದ್ದೆ. ನೀವು ಹಿಟ್ಟಿನ ಕೈಯಲ್ಲೇ ಬಂದು ನಿಲ್ಲುತ್ತಿದ್ದಿರಿ. ಅಣ್ಣ ಮೂಡಿದ ಕೂಡಲೇ ಸೆರಗು ಸರಿಮಾಡಿಕೊಳ್ಳುತ್ತಿದ್ದಿರಿ.

ಆಮೇಲೆ ಮಲಪ್ರಭೆ ತುಂಬಿ ಬಂತು. ಮನೋಳಿಯ ಹತ್ತಿರ ಟೆಂಪೋ ಸಿಕ್ಕಿತು, ಅಣ್ಣ ಸಿಗಲಿಲ್ಲ. ಮಣ್ಣು ಕೊಡದ ಮನುಷ್ಯನ ಫೋಟೋಕ್ಕೆ ಹಾರ ಹಾಕಬಾರದು ಎಂದರು ಹಿರಿಯರು. ಹಾಗಾಗಿ ನಿಮ್ಮ ಕುಂಕುಮವೂ ಉಳಿಯಿತು, ಚೌಕಟ್ಟಿಗೆ ಹಾರವೂ ಬೀಳಲಿಲ್ಲ. ಆದರೆ ಟೆಂಪೋದ ಸೀಟಿನ ಸಂದಿಯಲ್ಲಿ ಅಣ್ಣನ ಫೋನು ನನ್ನ ಕೈಗೆ ಸಿಕ್ಕಿತ್ತು, ವೈನಿ. ಯಾರಿಗೂ ಹೇಳಲಿಲ್ಲ. ರಿಪೇರಿ ಮಾಡಿ ತೋರಿಸೋಣ ಎಂದುಕೊಂಡೆ — ಫೋನು ಏಳಲಿಲ್ಲ, ಅದರೊಳಗಿನ ಮೆಮೊರಿ ಕಾರ್ಡು ಮಾತ್ರ ತೆರೆಯಿತು. ಅದರ ತುಂಬ ನೀವು ಕಂಡಿರದ ಫೋಟೋಗಳಿದ್ದವು.

ಒಂದನ್ನು ಹಾಕಿದೆ. ನಿಮಗೆ ಒಂದು ಗಳಿಗೆ ಸಮಾಧಾನವಾಗಲಿ, ಸಂಜೆ ಎಲ್ಲ ಹೇಳೋಣ ಎಂದು... ನೀವು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

‘ಮಲ್ಲೂ! ಇದು ನಾ ನೋಡಿಲ್ಲದ್ದು! ಈಗ ಬಂದೈತಿ ಇದು. ಅವ್ರು ಅದಾರೋ, ಜೀವಂತ ಅದಾರ!’

ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಿಮ್ಮನ್ನು ಕಿತ್ತೂರಿಗೆ ಕರೆದೊಯ್ಯಲು ಬಂದಿದ್ದ ನಿಮ್ಮ ಅಣ್ಣ ಪಡಸಾಲೆಯಲ್ಲೇ ಕೂತಿದ್ದರು. ಬೈಲಹೊಂಗಲದಲ್ಲಿ ಒಳ್ಳೆಯ ಮನೆತನವಿದೆ, ಹುಡುಗ ಒಪ್ಪಿದ್ದಾನೆ, ತಂಗಿ ಮತ್ತೆ ಬದುಕು ಕಟ್ಟಿಕೊಳ್ಳಲಿ ಎನ್ನುತ್ತಿದ್ದರು. ‘ಗಂಡ ಜೀವಂತ ಇದ್ದಾಗ ಎಂಥಾ ಮಾತ ಆಡ್ತಿ ಅಣ್ಣಾ?’ ಎಂದು ನೀವು ಅವರ ಮೇಲೆ ಹರಿಹಾಯ್ದಿರಿ. ಒಳಗೆ ನಿಂತಿದ್ದ ನಾನು — ಹೇಳಿಬಿಡುತ್ತೇನೆ — ನಿರಾಳವಾಗಿ ಉಸಿರು ಬಿಟ್ಟೆ. ಅವ್ವ ಲಕ್ವಾ ಹೊಡೆದು ಮಲಗಿದ್ದಳು. ನೀವು ಹೋದರೆ ಅವಳ ಸೇವೆ ಮಾಡುವವರು ಯಾರು, ನನಗೆ ರೊಟ್ಟಿ ಬಡಿಯುವವರು ಯಾರು? ಇಷ್ಟೇ ನೋಡಿ ನನ್ನ ಯೋಗ್ಯತೆ. ಥೂ!

ಅಣ್ಣ ಫೋನೇಕೆ ಮಾಡುವುದಿಲ್ಲ ಎಂಬುದಕ್ಕೆ ಕಾರಣವನ್ನೂ ನೀವೇ ಹುಡುಕಿಕೊಂಡಿರಿ: ‘ಮಂದೀ ಹತ್ತಿ ಹೊಳಿಪಾಲಾತಂತ ಅಂಜಿ ಎಲ್ಲೋ ಅಡಗ್ಯಾರ.’ ‘ಹೌದ್ರಿ ವೈನಿ, ಹಂಗ ಇರಬೇಕು’ ಎಂದೆ ನಾನು. ತವರಿನವರು ನಿಮ್ಮನ್ನು ಕರೆಯಲು ಬಂದಾಗಲೆಲ್ಲ ಚೌಕಟ್ಟಿನಲ್ಲಿ ಹೊಸದೊಂದು ಫೋಟೋ ಮೂಡುತ್ತಿತ್ತು. ಕೊನೆಗೆ ಅವರೂ ಬೇಸತ್ತು ಬಿಟ್ಟರು. ಬೈಲಹೊಂಗಲದ ಆ ಮನುಷ್ಯ ಬೇರೆ ಮದುವೆಯಾಗಿ ಮಕ್ಕಳ ತಂದೆಯಾದ.

ಕಾರ್ಡಿನ ಫೋಟೋಗಳು ಮುಗಿದವು. ಅಲ್ಲಿಗಾದರೂ — ಇಲ್ಲ. ಕಂಪ್ಯೂಟರಿನಲ್ಲಿ ಅದೇ ಮುಖವನ್ನು ಎತ್ತಿ ಬೇರೆ ಬೇರೆ ಜಾಗಗಳಲ್ಲಿ ನಿಲ್ಲಿಸಿದೆ. ವರ್ಷ ಕಳೆದ ಹಾಗೆ ವಯಸ್ಸೂ ಆಗಬೇಕಲ್ಲ? ಕಿವಿಯ ಮೇಲೆ ಬಿಳಿಕೂದಲು ಬಿಡಿಸಿದೆ. ಕಣ್ಣ ಕೆಳಗಿನ ಸುಕ್ಕು, ಇಳಿದ ಗಲ್ಲ ಎಲ್ಲಿಂದ ತರಲಿ? ನನ್ನದೇ ಫೋಟೋದಿಂದ ಕತ್ತರಿಸಿ ಹಚ್ಚಿದೆ. ತಮ್ಮನಾದ ನಾನು ಅಷ್ಟರಲ್ಲಿ ಅಣ್ಣನ ವಯಸ್ಸನ್ನು ದಾಟಿದ್ದೆ. ನೀವು ಪರದೆ ಸವರಿ, ‘ಸೊರಗ್ಯಾರಲ್ಲೋ, ಅಲ್ಲಿ ಯಾರ ರೊಟ್ಟಿ ಬಡದ ಹಾಕ್ತಾರ?’ ಎಂದಿರಿ. ಆಮೇಲೆ ನನ್ನತ್ತ ತಿರುಗಿ ಬಹಳ ಹೊತ್ತು ನೋಡಿ, ‘ನೀನೂ ಥೇಟ ನಿಮ್ಮಣ್ಣನ ಹಂಗ ಆಗಾಕ ಹತ್ತೀ’ ಎಂದಿರಿ. ಅಂದಿನಿಂದ ಕನ್ನಡಿಯ ಎದುರು ಗಡ್ಡ ಹೆರೆಯಲು ನನಗೆ ಅಂಜಿಕೆ.

ಇನ್ನೊಂದು ಮಾತು. ಎದುರು ಯಾರೂ ಇಲ್ಲದಾಗಲೂ ಪರದೆ ಬೆಳಗತೊಡಗಿತ್ತು. ಸೆನ್ಸರ್ ಕೆಟ್ಟಿರಬೇಕೆಂದು ಹೊಸದು ಹಾಕಿದೆ. ಆದರೂ ದೀಪ ಹಚ್ಚುವ ಹೊತ್ತಿಗೆ, ಖಾಲಿ ಪಡಸಾಲೆಯಲ್ಲಿ, ಅವನು ಮೂಡುತ್ತಾನೆ. ಪ್ರತಿಯೊಂದು ತಂತಿಯನ್ನೂ ನಾನೇ ಬೆಸೆದದ್ದು — ಆದರೂ ಅದರ ಕೆಳಗೆ ಹಾಯುವಾಗ ತಲೆ ಎತ್ತುವುದಿಲ್ಲ. ಮಾತು ಹೋಗಿದ್ದ ಅವ್ವ ಆ ಬೆಳಕು ಬಿದ್ದೊಡನೆ ಮುಖವನ್ನು ಗೋಡೆಯ ಕಡೆ ಹೊರಳಿಸುತ್ತಿದ್ದಳು, ಸಾಯುವವರೆಗೂ. ಹೆತ್ತವಳಿಗೆ ಗೊತ್ತಾಗಿತ್ತೇನೋ...

ಅವ್ವ ಹೋದ ಮೇಲೆಯೂ ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಏನೆಂದು ಹೇಳಲಿ? ಹೋದ ತಿಂಗಳು ರಾಮದುರ್ಗದ ಬಸ್ ಸ್ಟ್ಯಾಂಡಿಗೆ ಹೋಗಿ ಜಾಗದ ಫೋಟೋ ತೆಗೆದು ತಂದು, ಅಣ್ಣನನ್ನು ಅದರೊಳಗೆ ನಿಲ್ಲಿಸಿದೆ. ಹಿಂದೆ ಊರಿನ ಹೆಸರಿನ ಫಲಕ ಉಳಿದುಬಿಟ್ಟದ್ದನ್ನು ನಾನು ಗಮನಿಸಲಿಲ್ಲ. ನೀವು ಗಮನಿಸಿದಿರಿ. ನನಗೆ ಹೇಳದೆ ಅಲ್ಲಿಗೆ ಹೋಗಿ, ಇವತ್ತು ಮಧ್ಯಾಹ್ನ ಸೀದಾ ಅಂಗಡಿಗೇ ಬಂದು ಅಳುತ್ತ ನಗುತ್ತ ನಿಂತಿರಿ.

‘ಚೌಕಟ್ಟಿನ್ಯಾಗಿನ ಫೋಟೋ ನನ್ನ ಫೋನಿನ್ಯಾಗ ಹಿಡಕೊಂಡ ಹೋಗಿ ತೋರಿಸಿದೆ ಮಲ್ಲೂ. ಚಾದಂಗಡ್ಯಾಂವ ಗುರ್ತ ಹಿಡದಾ! ಹೂಂ ಯವ್ವಾ, ಮೊನ್ನೆ ಇಲ್ಲೇ ನಿಂತು ಫೋನಿನ್ಯಾಗ ಫೋಟೋ ತಗೀತಿದ್ರು ಅಂದಾ. ನಾಳೆ ಹೋಗಿ ಅಲ್ಲೇ ಇರತೇನಿ. ಮತ್ತ ಬಂದ ಬರತಾರ.’

ದೇವರಾಣೆ, ಒಂದು ಕ್ಷಣ ನಾನೂ ನಂಬಿದೆ — ಅಣ್ಣ ಇದ್ದಾನೆ, ನಾನು ಮಾಡಿದ್ದು ಸುಳ್ಳಲ್ಲ ಎಂದು. ಆಮೇಲೆ ತಿಳಿಯಿತು. ಅಲ್ಲಿ ನಿಂತು ಫೋಟೋ ತೆಗೆದವನು ನಾನು. ಚಹಾದಂಗಡಿಯವ ಗುರುತು ಹಿಡಿದ ಮುಖವೂ ನನ್ನದೇ. ತಿದ್ದಿ ತಿದ್ದಿ ಅಣ್ಣನನ್ನು ಅದರೊಳಗಿಂದ ಪೂರ್ತಿ ಅಳಿಸಿಬಿಟ್ಟಿದ್ದೇನೆ, ವೈನಿ. ಇಷ್ಟು ವರ್ಷ ನೀವು ಸೆರಗು ಸರಿಮಾಡಿಕೊಂಡದ್ದು ಯಾರ ಎದುರು ಎಂದು ನೆನೆದರೆ ಸತ್ತುಹೋಗಬೇಕೆನಿಸುತ್ತದೆ.

ನೀವು ಈಗ ಮನೆಯಲ್ಲಿ ಚೀಲ ತುಂಬುತ್ತಿದ್ದೀರಿ. ನಾನು ಎದ್ದು ಬರುತ್ತಿದ್ದೇನೆ. ಅಣ್ಣನ ಸತ್ತ ಫೋನನ್ನು ನಿಮ್ಮ ಕೈಗೆ ಕೊಟ್ಟು, ಇದನ್ನೆಲ್ಲ ಬಾಯಿಂದಲೇ ಹೇಳುತ್ತೇನೆ. ಹೊಡೆಯಿರಿ, ಉಗಿಯಿರಿ, ಊರ ಮುಂದೆ ಹೇಳಿರಿ. ತಪ್ಪಾಯಿತು ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ.

ರಾಮದುರ್ಗದ ಬಸ್ಸು ಹತ್ತಬೇಡಿ, ವೈನಿ. ಅಲ್ಲಿ ಯಾರೂ ಇಲ್ಲ.